ಮತ್ಸ್ಯವಿನೋದವೂ ಮಲೆನಾಡಿನ ಗಾಳದ ಎರೆಯೂ

ಸಂಸ್ಕೃತ ಕನ್ನಡಗಳೆರಡರಲ್ಲಿಯೂ ಗಾಳಕ್ಕೆ ಸಿಕ್ಕಿದ ಮೀನಿನ ದೃಷ್ಟಾಂತವು ಅತಿಪರಿಚಿತವಾದುದು. ವಿಷಯಸುಖವೇ ಆಮಿಷ, ಅದರೊಳಗೆ ಅಡಗಿರುವ ಅನರ್ಥವೇ ಬಡಿಶ, ಅದನ್ನು ನುಂಗುವ ಜೀವನೇ ಮೀನು ಎಂದು ಹೇಳಿ ವ್ಯಾಖ್ಯಾತೃಗಳು ಮುಂದೆ ಸಾಗುವರು. ಜಿಂಕೆಯು ಶಬ್ದದಿಂದ, ಆನೆಯು ಸ್ಪರ್ಶದಿಂದ, ಪತಂಗವು ರೂಪದಿಂದ, ಮೀನು ರಸದಿಂದ, ದುಂಬಿಯು ಗಂಧದಿಂದ ಕೆಡುವುದೆಂಬ ಪಂಚಕವೂ ಪಾಠಶಾಲೆಗಳಲ್ಲಿ ಬಹುಕಾಲದಿಂದ ಹೇಳಲ್ಪಡುತ್ತಿದೆ. ಆದರೆ ಆ ಆಮಿಷವೆಂದರೆ ಯಾವ ಪದಾರ್ಥ, ಎಲ್ಲ ಮೀನುಗಳಿಗೂ ಅದು ಒಂದೆಯೋ ಬೇರೆ ಬೇರೆಯೋ, ಮೀನು ಅದನ್ನು ಹೇಗೆ ಅರಿಯುವುದು ಎಂದು ವಿದ್ಯಾರ್ಥಿಯೊಬ್ಬನು ಕೇಳಿದರೆ ವ್ಯಾಖ್ಯಾನಗಳಲ್ಲಿ ಉತ್ತರವು ದೊರೆಯದು. ಉತ್ತರವು ದೊರೆಯುವ ಸ್ಥಾನಗಳು ಎರಡು. ಒಂದು, ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ರಚಿಸಿದ ಸಂಸ್ಕೃತ ಗ್ರಂಥ. ಇನ್ನೊಂದು, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳಲ್ಲಿ ಹೊಳೆಯ ದಂಡೆಯಲ್ಲಿಯೂ ಕೆರೆಯ ಏರಿಯ ಮೇಲೆಯೂ ಗಾಳ ಹಾಕುವ ಜನರ ರೂಢಿ. ಇವೆರಡನ್ನೂ ಒಟ್ಟಿಗಿಟ್ಟು ನೋಡಿದರೆ ಒಂದರಿಂದ ಮತ್ತೊಂದು ವಿಶದವಾಗುವುದು.

೧. ಶಬ್ದವಿಚಾರ

ಸಂಸ್ಕೃತದಲ್ಲಿ ಗಾಳದ ಕೊಕ್ಕೆಗೆ ಬಡಿಶವೆಂದೂ ಮತ್ಸ್ಯವೇಧನವೆಂದೂ ಅಮರಸಿಂಹನು ಪರ್ಯಾಯಗಳನ್ನು ಹೇಳಿರುವನು. ಕೊಕ್ಕೆಗೆ ಸಿಕ್ಕಿಸುವ ತಿನಿಸಿಗೆ ಆಮಿಷವೆಂದು ಹೆಸರು. ಆಮಿಷ ಶಬ್ದಕ್ಕೆ ಮಾಂಸವೆಂಬುದು ಮೂಲಾರ್ಥವು. ಭೋಗ್ಯವಸ್ತು, ಲಂಚ ಎಂಬ ಅರ್ಥಗಳನ್ನೂ ಕೋಶಕಾರರು ಹೇಳಿರುವರು. ಇಂದಿನ ಕನ್ನಡದಲ್ಲಿ ‘ಆಮಿಷ ಒಡ್ಡುವುದು’ ಎಂದರೆ ಮಾಂಸದ ನೆನಪೂ ಇಲ್ಲ, ಮೀನಿನ ನೆನಪೂ ಇಲ್ಲ. ಪ್ರಲೋಭನವೆಂಬ ಅರ್ಥವೊಂದೇ ಉಳಿದಿದೆ.

ಅಚ್ಚಗನ್ನಡದ ಮಾತು ‘ಎರೆ’. ತಮಿಳಿನ ‘ಇರೈ’, ಮಲೆಯಾಳದ ‘ಇರ’, ತೆಲುಗಿನ ‘ಎರ’ ಎಂಬುವು ಇದರ ಜ್ಞಾತಿಗಳು. ಹಕ್ಕಿ ಹಾವು ಮೊದಲಾದುವುಗಳ ಆಹಾರ, ಗಾಳಕ್ಕೆ ಸಿಕ್ಕಿಸುವ ತಿನಿಸು ಎಂಬ ಅರ್ಥಗಳು ಈ ಶಬ್ದಕುಟುಂಬದಲ್ಲಿ ಹರಡಿಕೊಂಡಿರುವುವು. ‘ಎರೆಹುಳು’ ಎಂಬುದನ್ನು ಎರೆಮಣ್ಣಿನ, ಎಂದರೆ ಕಪ್ಪುಮಣ್ಣಿನ, ಹುಳುವೆಂದು ಬಿಡಿಸುವವರುಂಟು. ಆದರೆ ಎರೆಮಣ್ಣೆಂಬುದು ಬಯಲುಸೀಮೆಯದು. ಜಂಬಿಟ್ಟಿಗೆಯ ಕೆಂಪುನೆಲದ ಮಲೆನಾಡಿನಲ್ಲಿಯೂ ಈ ಜೀವಿಗೆ ಎರೆಹುಳುವೆಂದೇ ಹೆಸರು. ಅದಲ್ಲದೆ ಮಲೆಯಾಳದಲ್ಲಿ ಇದನ್ನು ‘ಮಣ್ಣಿರ’ ಎನ್ನುವರು. ಅಲ್ಲಿ ಮಣ್ಣೆಂಬುದು ಬೇರೆ ಪದವಾಗಿ ನಿಂತಿರುವುದರಿಂದ ‘ಇರ’ಕ್ಕೆ ಮಣ್ಣೆಂಬ ಅರ್ಥವನ್ನು ಹೇಳಲಾಗದು, ಮಣ್ಣಿನಲ್ಲಿ ದೊರೆಯುವ ಎರೆಯೆಂದೇ ಹೇಳಬೇಕಾಗುವುದು. ಆದುದರಿಂದ ಎರೆಗೆ ಬರುವ ಹುಳುವೇ ಎರೆಹುಳುವೆಂಬ ನಿಷ್ಪತ್ತಿಯು ಯುಕ್ತತರವು. ನಮ್ಮ ಜನರು ಆ ಹುಳುವನ್ನು ಗುರುತಿಸಿ ಹೆಸರಿಟ್ಟುದು ಗಾಳದ ಪ್ರಯೋಜನದಿಂದ ಎಂಬ ಸಂಗತಿಯು ಇದರಿಂದ ಹೊರಪಡುವುದು.

೨. ಸೋಮೇಶ್ವರನ ಮತ್ಸ್ಯವಿನೋದ

ಸರ್ವಜ್ಞ, ಭೂಲೋಕಮಲ್ಲ ಎಂಬ ಬಿರುದುಗಳಿದ್ದ ಸೋಮೇಶ್ವರನು ಕ್ರಿ. ಶ. ೧೧೨೬ರಿಂದ ೧೧೩೮ರ ವರೆಗೆ ಆಳಿದನು. ಇವನ ಅಭಿಲಷಿತಾರ್ಥಚಿಂತಾಮಣಿಗೆ ಮಾನಸೋಲ್ಲಾಸವೆಂದು ನಾಮಾಂತರ. ಗ್ರಂಥದೊಳಗೇ ಶಕ ೧೦೫೧ರ, ಎಂದರೆ ಕ್ರಿ. ಶ. ೧೧೨೯ರ, ಕಾಲನಿರ್ದೇಶವಿದೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಲ್ಲಿ ರಾಜ್ಯಪ್ರಾಪ್ತಿ, ರಾಜ್ಯಸ್ಥೈರ್ಯ, ಉಪಭೋಗ, ವಿನೋದ, ಕ್ರೀಡೆಗಳು ಕ್ರಮವಾಗಿ ನಿರೂಪಿತವಾಗಿವೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ೧೯೨೬ರಲ್ಲಿ ಇದರ ಮೊದಲ ಭಾಗವನ್ನು ಪ್ರಕಟಿಸಿದರು. ಬರೋಡೆಯ ಗಾಯಕವಾಡ ಗ್ರಂಥಮಾಲೆಯಲ್ಲಿ ಜಿ. ಕೆ. ಶ್ರೀಗೊಂದೇಕರರ ಸಂಪಾದನದ ಸಂಪುಟಗಳು ೧೯೨೫, ೧೯೩೯, ೧೯೬೧ರಲ್ಲಿ ಹೊರಬಂದುವು.

ವಿನೋದವಿಂಶತಿಯಲ್ಲಿ ಮತ್ಸ್ಯವಿನೋದವೂ ಒಂದು ಪ್ರಕರಣ. ಪ್ರಾಣಿಶಾಸ್ತ್ರಜ್ಞರಾದ ಸುಂದರಲಾಲ ಹೋರಾ ಅವರು ೧೯೫೧ರಲ್ಲಿ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇದನ್ನು ವಿವೇಚಿಸಿದ ಮೇಲೆ ಶಾಸ್ತ್ರಜ್ಞರ ಲಕ್ಷ್ಯವು ಇತ್ತ ಹರಿಯಿತು. ಪ್ರಕರಣದಲ್ಲಿ ಮೂವತ್ತೈದರಷ್ಟು ಬಗೆಯ ಮೀನುಗಳು ಹೆಸರಿಸಲ್ಪಟ್ಟಿವೆ. ಅವುಗಳನ್ನು ಸಮುದ್ರದವು ನದಿಯವು ಎಂದೂ, ಶಲ್ಕವುಳ್ಳವು ಬರಿಯ ಚರ್ಮದವು ಎಂದೂ, ಗಾತ್ರದಿಂದ ದೊಡ್ಡವು, ನಡುವಣವು, ಸಣ್ಣವು ಎಂದೂ ವಿಂಗಡಿಸಲಾಗಿದೆ. ಬಳಿಕ ಯಾವ ಮೀನಿಗೆ ಯಾವ ಆಹಾರವೆಂಬ ವಿವೇಚನೆಯಿದೆ: ಕೆಲವಕ್ಕೆ ಹಿಟ್ಟು ಹಿಂಡಿಗಳ ಉಂಡೆಗಳು, ಕೆಲವಕ್ಕೆ ಮಾಂಸಖಂಡಗಳು. ಆರಿಸಿದ ಸ್ಥಳದಲ್ಲಿ ಮೊದಲು ಆಹಾರವನ್ನು ಹಾಕಿ ಮೀನುಗಳನ್ನು ಅಲ್ಲಿಗೆ ಬರುವಂತೆ ರೂಢಿಮಾಡಿಸಿದ ಮೇಲೆ ಗಾಳವನ್ನು ಇಳಿಸಬೇಕೆಂಬುದು ವಿಧಾನ. ದಾರ, ಕೋಲು, ಕೊಕ್ಕೆಗಳ ಲಕ್ಷಣಗಳೂ ಹೇಳಲ್ಪಟ್ಟಿವೆ.

ಇಲ್ಲಿ ಗಮನಿಸತಕ್ಕುದು ಗ್ರಂಥದ ಕ್ರಮ. ಮೊದಲು ಮೀನಿನ ಜಾತಿ, ಅನಂತರ ಅದರ ಆಹಾರ, ಆಮೇಲೆ ಗಾಳ. ಕೊಕ್ಕೆಯನ್ನು ಹೊಂದಿಸುವುದಕ್ಕಿಂತ ಮೊದಲು ಮೀನನ್ನು ಅರಿತಿರಬೇಕೆಂಬುದು ಇದರ ತಾತ್ಪರ್ಯವು. ಈ ಕ್ರಮವು ಪುಸ್ತಕದಿಂದ ಪುಸ್ತಕಕ್ಕೆ ನಕಲುಮಾಡಿದವರಿಗೆ ತೋರತಕ್ಕುದಲ್ಲ; ನೀರಿನ ಬಳಿ ಕುಳಿತವರಿಂದ ಕೇಳಿ ತಿಳಿದುದೆಂದೇ ಭಾವಿಸಬೇಕಾಗಿದೆ. ಸಾಂತಳಿಗೆ ಸಾಸಿರವನ್ನಾಳಿದ ಹೊಂಬುಜದ ಸಾಂತರರು ಕಲ್ಯಾಣದ ಚಾಲುಕ್ಯರಿಗೆ ಸಾಮಂತರಾಗಿದ್ದರು. ಆ ಹೊಂಬುಜವು, ಎಂದರೆ ಹುಂಚವು, ಹೊಸನಗರ ತಾಲ್ಲೂಕಿನಲ್ಲಿದೆ. ಹೀಗೆ ಮಲೆನಾಡಿನ ಹೊಳೆಗಳೂ ಆ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟ ನಾಡಿನವೇ.

೩. ಹೆಸರಿನಿಂದ ಆಹಾರದ ಅನುಮಾನ

ಹಳೆಯ ಗ್ರಂಥಗಳ ಮೀನುಗಳನ್ನು ಇಂದಿನ ಮೀನುಗಳೊಡನೆ ಹೊಂದಿಸುವಾಗ ಶಬ್ದಸಾಮ್ಯವೊಂದನ್ನೇ ನಂಬಿದರೆ ಪ್ರಮಾದವುಂಟಾಗುವುದು. ರೋಹಿತವೆಂಬ ಹೆಸರನ್ನು ಕಂಡೊಡನೆ ಅದು ಇಂದಿನ ಪೇಟೆಯ ರೋಹು ಮೀನೆಂದು ಬರೆಯುವುದು ವಾಡಿಕೆ. ಆದರೆ ರೋಹುವು ಉತ್ತರದ ನದಿಗಳ ಮೀನು. ಕೃಷ್ಣಾ ಕಾವೇರಿಗಳ ನೀರಿಗೆ ಅದನ್ನು ತಂದು ಬಿಟ್ಟುದು ೨೦ನೆಯ ಶತಮಾನದಲ್ಲಿ. ಕಲ್ಯಾಣದಲ್ಲಿ ಕುಳಿತು ಬರೆದವನ ರೋಹಿತವು ಕೋಶಪರಂಪರೆಯಿಂದ ಬಂದ ಹೆಸರಾಗಿರಬಹುದು, ಇಲ್ಲವೆ ಕೆಂಬಣ್ಣದ ಬೇರೊಂದು ದೊಡ್ಡ ಮೀನಿಗೆ ಸಂದ ಹೆಸರಾಗಿರಬಹುದು.

ಇದಕ್ಕೆ ಪ್ರತಿಯಾಗಿ, ಹೆಸರೇ ಆಹಾರವನ್ನು ಸೂಚಿಸುವ ಸಂದರ್ಭಗಳೂ ಉಂಟು. ಪಾಠೀನಕ್ಕೆ ಸಹಸ್ರದಂಷ್ಟ್ರವೆಂದು ಅಮರದ ಪರ್ಯಾಯ. ಸಣ್ಣ ಹಲ್ಲುಗಳು ಸಾಲುಸಾಲಾಗಿ ತುಂಬಿರುವ ದೊಡ್ಡ ಬಾಯಿಯ, ಶಲ್ಕವಿಲ್ಲದ ನಮ್ಮ ಬಾಳೆಮೀನಿಗೆ ಈ ಹೆಸರು ಯಥಾರ್ಥವಾಗಿ ಒಪ್ಪುವುದು. ಅಷ್ಟು ಹಲ್ಲುಳ್ಳುದು ಹಿಟ್ಟಿನ ಉಂಡೆಗೆ ಕಾಯುವುದಿಲ್ಲ; ಅದರ ಎರೆಯು ಸಣ್ಣ ಮೀನು, ಮಾಂಸದ ತುಂಡು.

ಹಲ್ಲಿನಂತೆಯೇ ಬಾಯಿಯ ನಿಲವೂ ಮೀಸೆಗಳೂ ಆಹಾರವನ್ನು ಹೇಳುವುವು. ಬಾಯಿಯು ಮೇಲ್ಮುಖವಾಗಿದ್ದರೆ ನೀರಿನ ಮೇಲುಭಾಗದಲ್ಲಿ ಮೇಯುವ ಮೀನು. ಕೆಳಮುಖವಾಗಿದ್ದರೆ ತಳದಲ್ಲಿ ಮೇಯುವ ಮೀನು. ಮೀಸೆಗಳು ಉದ್ದವಾಗಿದ್ದರೆ ಕೆಸರಿನಲ್ಲಿ ಇರುಳಲ್ಲಿ ತಡಕಾಡಿ ತಿನ್ನುವ ಮೀನು. ಬೆಂಡನ್ನು ದಾರದಲ್ಲಿ ಎಷ್ಟು ಮೇಲಕ್ಕೆ ಕಟ್ಟಬೇಕೆಂಬುದು, ಎಂದರೆ ಎರೆಯು ಯಾವ ಆಳದಲ್ಲಿ ತೂಗಬೇಕೆಂಬುದು, ಇದರಿಂದಲೇ ನಿರ್ಣಯವಾಗುವುದು.

೪. ಮಲೆನಾಡಿನ ರೂಢಿ

ಶರಾವತಿಯು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟಿ ಹೊಸನಗರ ಸಾಗರಗಳ ಮೂಲಕ ಪಶ್ಚಿಮಕ್ಕೆ ಹರಿಯುವುದು. ಕುಮುದ್ವತಿಯು ಹುಂಚದ ಸಮೀಪದ ಬಿಲ್ಲೇಶ್ವರದಲ್ಲಿಯೂ, ವರದೆಯು ಸಾಗರದ ಬಳಿಯ ವರದಾಮೂಲದಲ್ಲಿಯೂ ಹುಟ್ಟುವುವು. ತುಂಗೆಯು ತೀರ್ಥಹಳ್ಳಿಯನ್ನು ಹಾದುಹೋಗುವುದು. ಹೊಳೆ, ಹಳ್ಳ, ಕೆರೆ, ಗದ್ದೆಯ ಕಾಲುವೆಗಳೆಂಬ ಬೇರೆ ಬೇರೆ ನೀರುಗಳು ಇಲ್ಲಿ ಹತ್ತಿರ ಹತ್ತಿರದಲ್ಲಿರುವುದರಿಂದ ಎರೆಯ ವಿವೇಕವೂ ಸೂಕ್ಷ್ಮವಾಗಿ ಬೆಳೆದಿದೆ.

ಮೀನು ಹಿಡಿಯುವ ಎಲ್ಲ ಉಪಾಯಗಳಿಗೂ ಎರೆಯು ಬೇಕಿಲ್ಲ. ಮೊದಲ ಮಳೆಗೆ ಗದ್ದೆಗಳತ್ತ ಏರಿಬರುವ ‘ಹತ್ತುಮೀನ’ನ್ನು ಹರಿವಿಗೆ ಅಡ್ಡಲಾಗಿ ಕೂಳಿಯನ್ನಿಟ್ಟು ಹಿಡಿಯುವರು. ಬೇಸಗೆಯ ಕೊನೆಯಲ್ಲಿ ನೀರು ಇಳಿದಾಗ ಊರವರೆಲ್ಲರೂ ಸೇರಿ ನಡೆಸುವ ಕೆರೆಬೇಟೆಯಲ್ಲಿ ಬಿದಿರಿನ ಕೂಣಿಯೇ ಸಾಧನ. ಈ ‘ಕೂಣಿ’ಯನ್ನು ಅಮರದ ‘ಕುವೇಣಿ’ಯೊಡನೆ ಹೋಲಿಸಿ ನೋಡತಕ್ಕುದು, ಆದರೆ ಕುವೇಣಿಯು ಹಿಡಿದ ಮೀನನ್ನು ಇಡುವ ಬುಟ್ಟಿ, ಕೂಣಿಯು ಹಿಡಿಯುವ ಬುಟ್ಟಿ ಎಂಬ ಅರ್ಥಭೇದವನ್ನು ಮರೆಯಲಾಗದು. ಕಾರೆಕಾಯಿಯನ್ನು ಜಜ್ಜಿ ನೀರಿಗೆ ಹಾಕಿ ಮೀನುಗಳನ್ನು ಮಂಕಾಗಿಸುವ ರೀತಿಯೂ ಇದ್ದಿತು. ಹೊಳೆಗೆ ವಿಷವನ್ನು ಹಾಕುವುದನ್ನೂ ಸಿಡಿಮದ್ದನ್ನು ಹಾಕುವುದನ್ನೂ ೧೮೯೭ರ ಮೀನುಗಾರಿಕೆಯ ಶಾಸನವು ಅಪರಾಧವೆಂದು ಸಾರಿತು. ವಿಷಕ್ಕೆ ಮರಿಯೆಂದೂ ತಾಯಿಯೆಂದೂ ಭೇದವಿಲ್ಲ. ಎರೆಯಾದರೋ ಬೇಕಾದ ಮೀನನ್ನು ಮಾತ್ರ ಕರೆಯುವುದು. ಗಾಳದ ವಿದ್ಯೆಯು ವಿನೋದವೆನಿಸುವುದು ಈ ಆಯ್ಕೆಯಿಂದ.

ಮುರುಗೋಡು ಮೀನಿಗೆ ಎರೆಹುಳುವೇ ಪ್ರಶಸ್ತವು. ಅಮರದ ಮದ್ಗುರವೂ ಬಂಗಾಳದ ಮಾಗುರವೂ ಈ ಕುಲದವು. ನಾಲ್ಕು ಜೊತೆ ಮೀಸೆಗಳಿಂದ ಕೆಸರನ್ನು ತಡಕುವ ಈ ಮೀನಿಗೆ ಎರೆಯು ತಳಕ್ಕೆ ಇಳಿಯಬೇಕು. ಸಂಜೆಯೂ ಇರುಳೂ ತಕ್ಕ ಕಾಲ. ಅವಲು ಅಥವಾ ಕೊರವ ಎಂಬ ಮೀನಿನ ಸ್ವಭಾವವೇ ಬೇರೆ. ಅದು ಚಲಿಸುವುದನ್ನು ನೋಡಿ ಎರಗುವುದು. ಆದುದರಿಂದ ಜೀವಂತವಾದ ಕಪ್ಪೆಮರಿಯನ್ನೂ ಸಣ್ಣ ಮೀನನ್ನೂ ನೀರಿನ ಮೇಲುಗಡೆಯಲ್ಲಿ ಆಡಿಸುವರು. ಮುರುಗೋಡೂ ಅವಲೂ ನೀರಿನ ಮೇಲಕ್ಕೆ ಬಂದು ಗಾಳಿಯನ್ನು ಸೇವಿಸುವ ಮೀನುಗಳಾದುದರಿಂದ ಅವು ಎಲ್ಲಿ ಎದ್ದುವೆಂಬುದನ್ನು ನೋಡಿ ಸ್ಥಳವನ್ನು ಗೊತ್ತುಮಾಡುವುದು ಸಾಧ್ಯವು. ಮರಿಗಳನ್ನು ಕಾಯುತ್ತಿರುವ ಅವಲು ಹಸಿವಿಲ್ಲದಿದ್ದರೂ ಹತ್ತಿರ ಬಂದುದರ ಮೇಲೆ ಬೀಳುವುದು. ಆಗ ಅದನ್ನು ಹಿಡಿಯುವುದು ಸುಲಭ. ಆದರೆ ಕಾವಲಿಲ್ಲದ ಮರಿಗಳೆಲ್ಲ ಇತರ ಮೀನುಗಳ ಪಾಲಾಗುವುವು.

ಹೊಳೆಯ ಬಿಳಿಮೀನು ಸಸ್ಯವನ್ನೂ ಮಾಂಸವನ್ನೂ ತಿನ್ನುವುದು. ಇದರ ದವಡೆಯಲ್ಲಿ ಹಲ್ಲಿಲ್ಲ, ಗಂಟಲಿನಲ್ಲಿದೆ. ಏಡಿಯನ್ನೂ ಶಂಖದ ಹುಳುವನ್ನೂ ಅದು ಅಲ್ಲಿಯೇ ಅರೆಯುವುದು. ದಂಡೆಯ ಅತ್ತಿಯ ಮರದಿಂದ ಹಣ್ಣು ಉದುರುವ ಕಾಲದಲ್ಲಿ ಮರದ ಕೆಳಗಿನ ಮಡುವಿನಲ್ಲಿ ಸೇರುವುದು. ಆದುದರಿಂದ ಹಣ್ಣು, ಏಡಿ, ಹಿಟ್ಟಿನ ಉಂಡೆ ಮೂರೂ ಇದಕ್ಕೆ ಎರೆಯಾಗುವುವು. ಕಾವೇರಿಯ ಕಡೆ ರಾಗಿಯ ಮುದ್ದೆಯೇ ಇದಕ್ಕೆ ಪ್ರಸಿದ್ಧವಾದ ಎರೆ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸರು ೧೮೭೩ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಗಾಳದ ಗ್ರಂಥದಲ್ಲಿ ಈ ಮೀನಿಗೇ ಪ್ರಧಾನಸ್ಥಾನ.

ಸೋಮೇಶ್ವರನು ಹೇಳಿದ ರೂಢಿಮಾಡಿಸುವ ವಿಧಾನದ ಫಲವನ್ನು ಪ್ರತ್ಯಕ್ಷವಾಗಿ ಕಾಣಬೇಕಾದರೆ ತೀರ್ಥಹಳ್ಳಿಯ ಸಮೀಪದ ಚಿಬ್ಬಲಗುಡ್ಡೆಗೆ ಹೋಗಬೇಕು. ಅಲ್ಲಿ ತುಂಗೆಯ ಮಡುವಿನ ಮೀನುಗಳು ದೇವರ ಮೀನುಗಳು. ಗಾಳ ಬಲೆಗಳು ನಿಷಿದ್ಧ. ಭಕ್ತರು ಎಸೆಯುವ ಮಂಡಕ್ಕಿಗೆ ಅಭ್ಯಾಸವಾದ ಮೀನುಗಳು ಮನುಷ್ಯರು ಮೆಟ್ಟಲಿಳಿದೊಡನೆ ಗುಂಪಾಗಿ ಬರುವುವು. ವಿನೋದಗ್ರಂಥದಲ್ಲಿ ಹಿಡಿಯುವುದಕ್ಕೆ ಪೂರ್ವಾಂಗವಾದ ಕ್ರಿಯೆಯೇ ಇಲ್ಲಿ ಕಾಯುವುದಕ್ಕೆ ಅಂಗವಾಗಿದೆ.

೫. ರಸವೋ, ಗಂಧವೋ, ರೂಪವೋ?

ಈಗ ಕಾವ್ಯದ ಪಂಚಕಕ್ಕೆ ಮರಳಬಹುದು. ಮೀನಿನ ಮೂಗಿನ ಹೊಳ್ಳೆಗಳು ಉಸಿರಾಟಕ್ಕಲ್ಲ, ವಾಸನೆಗೆ ಮಾತ್ರ. ಮುರುಗೋಡಿನಂತಹ ಮೀನುಗಳ ಮೀಸೆಗಳಲ್ಲಿ ನಾಲಿಗೆಯಲ್ಲಿರುವಂತೆ ರುಚಿಯನ್ನರಿಯುವ ಅಂಗಗಳಿವೆ. ಎಂದರೆ ಬಾಯಿಗೆ ಮುಟ್ಟುವುದಕ್ಕೆ ಮೊದಲೇ ಅವು ರಸವನ್ನು ಅರಿಯುವುವು. ಇವುಗಳಲ್ಲಿ ಕವಿಗಳ ಮಾತು ಅಕ್ಷರಶಃ ಸತ್ಯ. ಅವಲು ಮೀನಾದರೋ ಪತಂಗದಂತೆ ರೂಪದಿಂದ ಕೆಡುವುದು. ಹಿಟ್ಟಿನ ಉಂಡೆಗೆ ದೂರದಿಂದ ಬರುವ ಮೀನು ದುಂಬಿಯಂತೆ ಗಂಧದಿಂದ ಕೆಡುವುದು. ಮೈಯ ಇಕ್ಕೆಲಗಳಲ್ಲಿರುವ ರೇಖೆಯಿಂದ ನೀರಿನ ಕಂಪನವನ್ನೂ ಮೀನುಗಳು ತಿಳಿಯುವುವು. ಒಂದೊಂದು ಪ್ರಾಣಿಗೆ ಒಂದೊಂದೇ ಇಂದ್ರಿಯವನ್ನು ಹಂಚಿದ ಪಂಚಕವು ಉಪದೇಶಸೌಕರ್ಯಕ್ಕಾಗಿ ಮಾಡಿದ ವ್ಯವಸ್ಥೆ. ಅದರಿಂದ ದೃಷ್ಟಾಂತಕ್ಕೆ ಹಾನಿಯಿಲ್ಲ.

ಗಾಳ ಹಾಕುವವನಿಗೆ ಮಾತ್ರ ಈ ಭೇದವೇ ಸರ್ವಸ್ವ. ಆಷಾಢದ ಕೆಂಪುನೀರಿನಲ್ಲಿ ಕಣ್ಣು ಕೆಲಸಮಾಡದು. ಆಗ ಎರೆಹುಳುವಿನಂತಹ, ವಾಸನೆಯಿಂದ ಸೆಳೆಯುವ ಎರೆ ಬೇಕು. ಕಾರ್ತಿಕ ಮಾರ್ಗಶಿರಗಳಲ್ಲಿ ನೀರು ತಿಳಿಯಾದ ಮೇಲೆ ಕಣ್ಣಿಗೆ ಬೀಳುವ ಎರೆಯೂ ಕಾಣದಷ್ಟು ತೆಳುವಾದ ದಾರವೂ ಬೇಕು. ಚಳಿಯಲ್ಲಿ ಮೀನಿನ ಮೈಯೂ ನೀರಿನೊಡನೆ ತಣ್ಣಗಾಗಿ ಹಸಿವು ಕುಂದುವುದರಿಂದ ಎರೆಯು ಚಿಕ್ಕದಾಗಿರಬೇಕು. ಮೀನು, ನೀರು, ಕಾಲ ಈ ಮೂರರ ಯೋಗದಿಂದ ಎರೆಯು ನಿಶ್ಚಿತವಾಗುವುದೇ ಹೊರತು ಸಾರ್ವತ್ರಿಕವಾದ ಎರೆಯೊಂದಿಲ್ಲ.

೬. ಉಪಸಂಹಾರ

೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹರಿಯುವ ನೀರಿನ ಬಹುಭಾಗವು ನಿಂತ ನೀರಾಯಿತು. ಮರಿಗಳನ್ನು ತಂದು ಬಿಟ್ಟ ಕಾಟ್ಲಾ, ರೋಹು ಮೊದಲಾದುವು ಪೇಟೆಗೆ ಬಂದುವು. ಹೊಸ ಮೀನಿನೊಡನೆ ಹೊಸ ಹೆಸರು ಬರುವುದು; ಹಳೆಯ ಮೀನು ವಿರಳವಾದಂತೆ ಅದರ ಹೆಸರೂ, ಅದರ ಎರೆ ಯಾವುದೆಂಬ ತಿಳಿವೂ ಹಿಂದಾಗುವುವು. ಈ ತಿಳಿವು ತೊಲಗಿದರೆ ನಷ್ಟವು ಮೀನು ಹಿಡಿಯುವವರಿಗೆ ಮಾತ್ರವಲ್ಲ; ಮತ್ಸ್ಯವಿನೋದದಂತಹ ಪ್ರಕರಣದ ಅರ್ಥವನ್ನು ನಿರ್ಣಯಿಸುವ ಸಾಧನವೂ ತೊಲಗುವುದು. ಕೋಶದಲ್ಲಿ ‘ಮತ್ಸ್ಯವಿಶೇಷ’ ಎಂದಷ್ಟೇ ಇರುವ ಹೆಸರಿಗೆ ಆಕಾರವನ್ನು ಕೊಡತಕ್ಕುದು ಅದರ ಆಹಾರವೇ.

ಆದುದರಿಂದ ಈ ಪ್ರಕರಣವನ್ನು ಕನ್ನಡಿಸುವವರು ಪ್ರತಿಯೊಂದು ಹೆಸರಿನ ಮುಂದೆಯೂ ಗ್ರಂಥವು ಹೇಳುವ ಶಲ್ಕ, ಗಾತ್ರ, ಆಹಾರಗಳನ್ನು ಬರೆದು, ಅವುಗಳನ್ನು ಹೊಳೆಯ ದಂಡೆಯ ಹಿರಿಯರು ಹೇಳುವ ಹೆಸರುಗಳೊಡನೆ ಹೋಲಿಸುವುದು ಅವಶ್ಯಕವು. ಮಲೆನಾಡಿನ ಶಾಲೆಗಳ ಉಪಾಧ್ಯಾಯರಿಗೆ ಇದು ಅಸಾಧ್ಯವಲ್ಲ. ಮೀನಿನ ಹೆಸರು, ಮೀಸೆಯುಂಟೋ ಇಲ್ಲವೋ, ಬಾಯಿ ಯಾವ ಮುಖ, ಯಾವ ಎರೆ, ಯಾವ ತಿಂಗಳು ಎಂಬ ಐದು ಪ್ರಶ್ನೆಗಳನ್ನು ವಿದ್ಯಾರ್ಥಿಗಳ ಮೂಲಕ ಮನೆಮನೆಗಳಲ್ಲಿ ಕೇಳಿಸಿ ಬರೆದಿಟ್ಟರೆ, ಚಾಲುಕ್ಯ ಚಕ್ರವರ್ತಿಯ ಗ್ರಂಥಕ್ಕೆ ಇದುವರೆಗೆ ಇಲ್ಲದ ವ್ಯಾಖ್ಯಾನವೊಂದು ಸಿದ್ಧವಾಗುವುದು.