ಬಿಡದ ಕುಂಟು ಉಳುಕಲ್ಲ: ನಾಯಿಗೂ ಮನುಷ್ಯರಿಗೂ ಬರುವ ಮೂಳೆ ಕ್ಯಾನ್ಸರ್

ತೋಟ ಕಾಯುವ ನಾಯಿ ಮುಂಗಾಲನ್ನು ಎತ್ತಿಕೊಂಡು ಕುಂಟಿದರೆ ನಾವು ಮೊದಲು ನೋಡುವುದು ಅಂಗಾಲಿಗೆ ಮುಳ್ಳು ಚುಚ್ಚಿದೆಯೇ ಎಂದು. ಮುಳ್ಳು ಸಿಗದಿದ್ದರೆ ಬೇಲಿ ಹಾರುವಾಗ ಉಳುಕಿರಬೇಕು, ಯಾರೋ ಕಲ್ಲು ಬೀಸಿರಬೇಕು ಎಂದುಕೊಂಡು ಸುಮ್ಮನಾಗುತ್ತೇವೆ. ಬಹುಪಾಲು ಅದು ನಿಜವೂ ಹೌದು. ವಾರ ಹತ್ತು ದಿನಗಳಲ್ಲಿ ಕಾಲು ಸರಿಹೋಗುತ್ತದೆ. ಸರಿಹೋಗದೆ ದಿನೇ ದಿನೇ ಹೆಚ್ಚುವ ಕುಂಟಿನ ವಿಚಾರ ಬೇರೆ. ಮನೆಯಲ್ಲಿ ಬೆಳೆಯುವ ವಯಸ್ಸಿನ ಮಕ್ಕಳಿರುವ ರೈತ ಬಾಂಧವರೂ ಇದನ್ನು ಗಮನವಿಟ್ಟು ಓದಬೇಕು. ಏಕೆಂದರೆ ಇದೇ ರೋಗ ಮಕ್ಕಳಿಗೂ ಬರುತ್ತದೆ.

ರೋಗ ಯಾವುದು?

ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರುಗಳಲ್ಲಿ ನಾಯಿಗಳಲ್ಲೂ ಮನುಷ್ಯರಲ್ಲೂ ಹೆಚ್ಚಾಗಿ ಕಂಡುಬರುವುದು ಆಸ್ಟಿಯೋಸಾರ್ಕೋಮಾ. ನಾಯಿಗಳ ಮೂಳೆ ಕ್ಯಾನ್ಸರಿನಲ್ಲಿ ಸುಮಾರು ಶೇಕಡ 85 ಭಾಗ ಇದೇ. ಮೂಳೆ ಕಟ್ಟುವ ಜೀವಕೋಶಗಳು ಹತೋಟಿ ತಪ್ಪಿ ಬೆಳೆಯತೊಡಗುತ್ತವೆ. ಗೆದ್ದಲು ಹಿಡಿದ ತೊಲೆಯಂತೆ ಮೂಳೆ ಒಳಗೊಳಗೇ ಟೊಳ್ಳಾಗುತ್ತದೆ. ಹೊರಗಡೆ ಸತ್ವವಿಲ್ಲದ ಹೊಸ ಮೂಳೆ ಗಂಟುಗಟ್ಟುತ್ತದೆ. ಕೊನೆಗೆ ಸಣ್ಣದೊಂದು ನೆಗೆತಕ್ಕೂ ಕಾಲು ಮುರಿಯಬಹುದು. ಎತ್ತುಗಳಿಗೆ ಬರುವ ಕೊಂಬಿನ ಕ್ಯಾನ್ಸರ್ ನಿಮ್ಮಲ್ಲಿ ಹಲವರಿಗೆ ಗೊತ್ತು. ಅದು ಕೊಂಬಿನ ಒಳಪೊರೆಯಲ್ಲಿ ಹುಟ್ಟುವಂಥದು, ಮೂಳೆಯದಲ್ಲ; ಎರಡನ್ನೂ ಒಂದೇ ಎಂದು ತಿಳಿಯಬಾರದು.

ಇದು ಅಂಟುರೋಗವಲ್ಲ. ನಾಯಿಯಿಂದ ಮಗುವಿಗಾಗಲಿ, ಒಂದು ನಾಯಿಯಿಂದ ಇನ್ನೊಂದಕ್ಕಾಗಲಿ ಹರಡುವುದಿಲ್ಲ. ರೋಗ ಬಂದ ನಾಯಿಯನ್ನು ಹೆದರಿ ಊರಾಚೆ ಬಿಟ್ಟುಬರುವ ಕಾರಣವಿಲ್ಲ.

ನಾಯಿಗಳಲ್ಲಿ ರೋಗಕ್ಕೂ ದೇಹದ ಗಾತ್ರಕ್ಕೂ ಸಂಬಂಧವಿದೆ. ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್, ರಾಟ್‌ವೈಲರ್ ಮುಂತಾದ ಎತ್ತರದ, ಭಾರದ ತಳಿಗಳಿಗೆ ಹೆಚ್ಚು. ಸಣ್ಣ ನಾಯಿಗಳಿಗೆ ಅಪರೂಪ. ಸಾಮಾನ್ಯವಾಗಿ ಏಳರಿಂದ ಹತ್ತು ವರ್ಷದ ನಾಯಿಗೆ ಬರುತ್ತದೆ, ಆದರೆ ಒಂದೂವರೆ ಎರಡು ವರ್ಷದ ಎಳೆಯ ನಾಯಿಗಳಲ್ಲೂ ಉಂಟು. ನಾಯಿಯ ದೇಹಭಾರದಲ್ಲಿ ಸುಮಾರು ಶೇಕಡ 60 ಮುಂಗಾಲುಗಳ ಮೇಲೆ ಬೀಳುವುದರಿಂದ ಅಲ್ಲಿಯೇ ಹೆಚ್ಚು. ಪಶುವೈದ್ಯರು ನೆನಪಿಗಾಗಿ ಒಂದು ಮಾತು ಇಟ್ಟುಕೊಂಡಿದ್ದಾರೆ: ಮೊಣಕೈಯಿಂದ ದೂರ, ಮೊಣಕಾಲಿಗೆ ಹತ್ತಿರ. ಎಂದರೆ ಮುಂಗಾಲಿನಲ್ಲಿ ಮಣಿಕಟ್ಟಿನ ಸ್ವಲ್ಪ ಮೇಲೆ ಅಥವಾ ಭುಜದ ಬಳಿ, ಹಿಂಗಾಲಿನಲ್ಲಿ ಮೊಣಕಾಲಿನ ಆಚೀಚೆ.

ಮನುಷ್ಯರಲ್ಲಿ ಇದು ಮುಖ್ಯವಾಗಿ ಹತ್ತರಿಂದ ಇಪ್ಪತ್ತು ವರ್ಷದವರ ರೋಗ. ಮೂಳೆಗಳು ಭರದಿಂದ ಉದ್ದವಾಗುವ ಕಾಲ ಅದು. ಮೊಣಕಾಲಿನ ಮೇಲೆ ಕೆಳಗೆ ಮತ್ತು ತೋಳಿನ ಮೇಲ್ತುದಿಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ಉಳುಕಿಗೂ ಇದಕ್ಕೂ ವ್ಯತ್ಯಾಸ ತಿಳಿಯುವುದು ಹೇಗೆ?

ಹುಡುಗ ಕಬಡ್ಡಿ ಆಡುವಾಗ ಬಿದ್ದ, ಅಂದಿನಿಂದ ಮೊಣಕಾಲು ನೋವು ಎನ್ನುತ್ತಾರೆ. ಬಿದ್ದದ್ದರಿಂದ ಕ್ಯಾನ್ಸರ್ ಬರುವುದಿಲ್ಲ. ಮೊದಲೇ ಇದ್ದದ್ದು ಬಿದ್ದಾಗ ಗಮನಕ್ಕೆ ಬರುತ್ತದೆ, ಅಷ್ಟೆ. ಬೆಳೆಯುವ ಮಕ್ಕಳ ಸಾಮಾನ್ಯ ಕಾಲುನೋವು ಎರಡೂ ಕಾಲುಗಳಲ್ಲಿರುತ್ತದೆ, ಬೆಳಗಾಗುವಷ್ಟರಲ್ಲಿ ಮಾಯವಾಗುತ್ತದೆ. ಒಂದೇ ಕಾಲಿನ ಒಂದೇ ಜಾಗದಲ್ಲಿ ನೋವು, ರಾತ್ರಿ ನಿದ್ದೆಗೆಡಿಸುವಂಥ ನೋವು, ವಾರಗಟ್ಟಲೆ ಇಳಿಯದೆ ಗಟ್ಟಿಯಾಗುತ್ತಿರುವ ಬಾವು – ಇವುಗಳಲ್ಲಿ ಯಾವುದೊಂದು ಕಂಡರೂ ಕೂಡಲೇ ಎಕ್ಸ್-ರೇ ತೆಗೆಸಿ. ನಾಯಿಯಲ್ಲಾದರೆ ಎರಡು ವಾರ ದಾಟಿದ ಕುಂಟು, ಮೂಳೆಯ ಮೇಲೆ ಮುಟ್ಟಿದರೆ ಕಚ್ಚಲು ಬರುವಷ್ಟು ನೋಯುವ ಗಟ್ಟಿ ಊತ.

ಇಂಥ ಊತವನ್ನು ಎಣ್ಣೆ ಹಾಕಿ ತಿಕ್ಕಿಸಬೇಡಿ, ಬಿಗಿಯಾಗಿ ಕಟ್ಟು ಕಟ್ಟಿಸಬೇಡಿ. ಮುರಿದ ಕೈಕಾಲು ಕೂಡಿಸುವುದರಲ್ಲಿ ನಾಟಿ ವೈದ್ಯರ ಕೈಗುಣವನ್ನು ನಂಬುವವರು ಹಳ್ಳಿಗಳಲ್ಲಿ ಬಹಳ ಮಂದಿ ಇದ್ದಾರೆ. ಅದನ್ನು ಇಲ್ಲಿ ಚರ್ಚಿಸುವುದಿಲ್ಲ. ಆದರೆ ಗೆಡ್ಡೆಯಿರುವ ಮೂಳೆಯನ್ನು ನೀವಿದರೆ ಅದು ಮುರಿಯಬಹುದು, ರೋಗ ಸುತ್ತಲಿನ ಮಾಂಸಕ್ಕೆ ಹರಡಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಕಟ್ಟು ಬಿಚ್ಚಿ ಮತ್ತೆ ಕಟ್ಟುವುದರಲ್ಲಿ ಎರಡು ಮೂರು ತಿಂಗಳು ಕಳೆದುಹೋಗುತ್ತದೆ. ಈ ರೋಗ ರಕ್ತದ ಮೂಲಕ ಶ್ವಾಸಕೋಶಕ್ಕೆ ಹೋಗುವಂಥದು. ಪ್ರಾಣ ತೆಗೆಯುವುದು ಕಾಲಿನ ಗೆಡ್ಡೆಯಲ್ಲ, ಎದೆಗೆ ಹೋದ ಗೆಡ್ಡೆ.

ಎಕ್ಸ್-ರೇಯಲ್ಲಿ ಅನುಮಾನ ಬಂದರೆ ಗೆಡ್ಡೆಯಿಂದ ಚೂರು ತೆಗೆದು ಪರೀಕ್ಷಿಸಲೇಬೇಕು, ಏಕೆಂದರೆ ಮೂಳೆಯ ಕೀವು ರೋಗವೂ ಕೆಲವೊಮ್ಮೆ ಹೀಗೆಯೇ ಕಾಣುತ್ತದೆ. ಸೂಜಿ ಚುಚ್ಚಿಸಿದರೆ ಕ್ಯಾನ್ಸರ್ ಕೆರಳುತ್ತದೆಂಬ ಭಯ ಬೇಡ. ಆದರೆ ಈ ಪರೀಕ್ಷೆಯನ್ನು ಮುಂದೆ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಯಲ್ಲೇ ಮಾಡಿಸುವುದು ಕ್ಷೇಮ. ಕಂಡಲ್ಲಿ ಕೊಯ್ದರೆ ಆಮೇಲೆ ಕಾಲು ಉಳಿಸುವುದು ಕಷ್ಟವಾಗುತ್ತದೆ.

ಚಿಕಿತ್ಸೆ

ಹಿಂದೆ ಕಾಲು ಕತ್ತರಿಸುವುದೊಂದೇ ದಾರಿಯಾಗಿತ್ತು. ಹಾಗೆ ಮಾಡಿದರೂ ಹತ್ತು ಮಕ್ಕಳಲ್ಲಿ ಎಂಟು ಮಂದಿ ಬದುಕುತ್ತಿರಲಿಲ್ಲ. 1970 ಮತ್ತು 80ರ ದಶಕಗಳಲ್ಲಿ ಕ್ಯಾನ್ಸರ್ ನಿರೋಧಕ ಔಷಧಿಗಳು ಬಳಕೆಗೆ ಬಂದ ಮೇಲೆ, ರೋಗ ಬೇರೆಡೆಗೆ ಹರಡುವ ಮೊದಲೇ ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಹತ್ತರಲ್ಲಿ ಆರೇಳು ಮಂದಿ ಐದು ವರ್ಷ ದಾಟುತ್ತಾರೆ. ಮೊದಲು ಕೆಲವು ವಾರ ಔಷಧಿ, ನಂತರ ಶಸ್ತ್ರಚಿಕಿತ್ಸೆ, ಮತ್ತೆ ಔಷಧಿ. ಈಗ ಬಹಳಷ್ಟು ಮಂದಿಯಲ್ಲಿ ರೋಗದ ಮೂಳೆಯನ್ನಷ್ಟೇ ತೆಗೆದು, ಲೋಹದ ಮೂಳೆ ಜೋಡಿಸಿ ಕಾಲನ್ನು ಉಳಿಸಲಾಗುತ್ತದೆ.

ಈ ಪ್ರಗತಿಯಲ್ಲಿ ನಾಯಿಗಳ ಪಾಲೂ ಇದೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 1000 ಮನುಷ್ಯರಿಗೆ ಈ ರೋಗ ಬಂದರೆ ನಾಯಿಗಳಲ್ಲಿ ಆ ಸಂಖ್ಯೆ 10,000ವನ್ನು ಮೀರುತ್ತದೆ. ನಾಯಿಗಳಲ್ಲಿ ರೋಗದ ಓಟವೂ ಬಿರುಸು, ಆದ್ದರಿಂದ ಔಷಧಿಯ ಫಲ ಬೇಗ ತಿಳಿಯುತ್ತದೆ. 1980ರ ದಶಕದಲ್ಲಿ ಕೊಲರಾಡೊ ರಾಜ್ಯ ವಿಶ್ವವಿದ್ಯಾನಿಲಯದ ಪಶುವೈದ್ಯ ಸ್ಟೀಫನ್ ವಿತ್ರೋ ಮತ್ತು ಸಂಗಡಿಗರು ನಾಯಿಗಳ ಕಾಲು ಉಳಿಸುವ ಶಸ್ತ್ರಚಿಕಿತ್ಸೆಯನ್ನು ರೂಢಿಸಿದರು. ಆ ಅನುಭವ ಮನುಷ್ಯರ ವೈದ್ಯರಿಗೂ ಉಪಯೋಗಕ್ಕೆ ಬಂತು. ಅದೇ ದಶಕದಲ್ಲಿ ಗ್ರೆಗರಿ ಮೆಕ್ಯುವೆನ್ ಎಂಬ ಪಶುವೈದ್ಯ ವಿಜ್ಞಾನಿ ನಾಯಿಗಳಲ್ಲಿ ಪರೀಕ್ಷಿಸಿದ ಮಿಫಾಮುರ್ಟೈಡ್ ಔಷಧಿಗೆ 2009ರಲ್ಲಿ ಯೂರೋಪಿನಲ್ಲಿ ಮಕ್ಕಳಿಗೆ ಬಳಸಲು ಅನುಮತಿ ದೊರೆಯಿತು. ಇವು ಪ್ರಯೋಗಶಾಲೆಯ ಪ್ರಾಣಿಗಳಲ್ಲ, ಯಜಮಾನರು ಚಿಕಿತ್ಸೆಗೆಂದು ಕರೆತಂದ ಮನೆಯ ನಾಯಿಗಳು.

ಆದರೆ ನಾಯಿಗೆ ಸಿಗುವ ಫಲ ಇನ್ನೂ ಅಷ್ಟಿಲ್ಲ. ಕಾಲು ತೆಗೆದರೆ ನೋವು ನಿಂತು ಸಾಮಾನ್ಯವಾಗಿ ನಾಲ್ಕೈದು ತಿಂಗಳು, ಜೊತೆಗೆ ಔಷಧಿಯನ್ನೂ ಕೊಡಿಸಿದರೆ ಹತ್ತು ಹನ್ನೆರಡು ತಿಂಗಳು ಬದುಕುತ್ತದೆ. ಐದರಲ್ಲಿ ಒಂದು ನಾಯಿ ಎರಡು ವರ್ಷ ಮುಟ್ಟಬಹುದು. ಮೂರು ಕಾಲಿನ ನಾಯಿಯನ್ನು ನೋಡಲಾಗದು ಎಂದು ಅನೇಕರು ಹಿಂಜರಿಯುತ್ತಾರೆ. ಕಷ್ಟ ನಮ್ಮ ಕಣ್ಣಿಗೇ ಹೊರತು ನಾಯಿಗಲ್ಲ. ಅದು ಕೆಲವೇ ವಾರಗಳಲ್ಲಿ ಹೊಂದಿಕೊಂಡು ಓಡಾಡುತ್ತದೆ. ಖರ್ಚು ಹೊರಲಾರದವರು ಪಶುವೈದ್ಯರಿಂದ ನೋವಿಗೆ ಔಷಧಿ ಬರೆಸಿಕೊಳ್ಳಿ. ನೋವು ತಡೆಯಲಾರದಷ್ಟಾದರೆ ಸುಖಮರಣ ಕೊಡಿಸುವುದು ತಪ್ಪಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಮನೆಯಲ್ಲಿರುವ ಐಬುಪ್ರೊಫೆನ್ ಮಾತ್ರೆಯನ್ನು ಮಾತ್ರ ನಾಯಿಗೆ ಹಾಕಬೇಡಿ. ಹೊಟ್ಟೆಯಲ್ಲಿ ಹುಣ್ಣಾಗಿ ಮೂತ್ರಪಿಂಡ ಕೆಡುತ್ತದೆ.

ನಾಯಿಯ ಪರೀಕ್ಷೆಗೆ ಹತ್ತಿರದ ಪಶು ಆಸ್ಪತ್ರೆಯ ವೈದ್ಯರನ್ನು ಕಾಣಿರಿ. ಅಗತ್ಯವಿದ್ದರೆ ಅವರು ಹೆಬ್ಬಾಳ, ಬೀದರ್ ಮುಂತಾದ ಪಶುವೈದ್ಯಕೀಯ ಕಾಲೇಜುಗಳಿಗೆ ಕಳುಹಿಸುತ್ತಾರೆ. ಮಕ್ಕಳಿಗೆ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿ, ಅನುಮಾನವಿದ್ದರೆ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂಥ ಕ್ಯಾನ್ಸರ್ ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಕ್ಯಾನ್ಸರ್ ಚಿಕಿತ್ಸೆಗೂ ಅನ್ವಯಿಸುತ್ತದೆ. ಹೊರಡುವಾಗ ಪಡಿತರ ಚೀಟಿ, ಆಧಾರ್ ಕಾರ್ಡು ಹಾಗೂ ಹಿಂದೆ ತೆಗೆಸಿದ ಎಲ್ಲ ಎಕ್ಸ್-ರೇಗಳನ್ನು ಜೊತೆಗಿಟ್ಟುಕೊಳ್ಳಿ.