ಚುಕ್ಕಿಗಳ ನಡುವೆ ಒಂದು ರೇಖೆ

ನಿಮ್ಮ ಬೀದಿಯ ಮನೆಗಳ ಆದಾಯವನ್ನು ಅಡ್ಡಕ್ಕೂ ಊಟದ ಖರ್ಚನ್ನು ಉದ್ದಕ್ಕೂ ಗುರುತಿಸಿ, ಮನೆಗೊಂದು ಚುಕ್ಕಿ ಇಟ್ಟಿರೆನ್ನೋಣ. ನಡುವೆ ಎಳೆಯತಕ್ಕ ಸರಳರೇಖೆ ಯಾವುದು? ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ ಕ್ರಮವಿದು: ಪ್ರತಿ ಚುಕ್ಕಿಯೂ ರೇಖೆಗಿಂತ ಎಷ್ಟು ಮೇಲೆ ಅಥವಾ ಕೆಳಗಿದೆಯೆಂದು ಅಳೆದು, ಆ ಅಂತರಗಳ ವರ್ಗಗಳನ್ನು ಕೂಡಿಸಿರಿ; ಮೊತ್ತ ಅತ್ಯಲ್ಪವಾಗುವ ರೇಖೆಯನ್ನೇ ಆರಿಸಿರಿ.

ಉಪಾಯ ಸೊಗಸಾದುದೇ. ಆದರೆ ವರ್ಗದಲ್ಲೇ ತೊಡಕೂ ಉಂಟು. 10 ರೂಪಾಯಿಯ ಅಂತರ ಮೊತ್ತಕ್ಕೆ 100 ಸೇರಿಸಿದರೆ, 100 ರೂಪಾಯಿಯದು 10,000 ಸೇರಿಸುತ್ತದೆ! ಶ್ರೀಮಂತರೊಬ್ಬರ ಮನೆಯಲ್ಲಿ ಆ ತಿಂಗಳು ಮದುವೆ ನಡೆದಿದ್ದರೆ ಸಾಕು, ರೇಖೆಯ ಬಲತುದಿ ಮೇಲೇಳುತ್ತದೆ, ಎಡತುದಿ ತಗ್ಗುತ್ತದೆ. ಕಡುಬಡವರ ಊಟದ ಖರ್ಚು ಇದ್ದುದಕ್ಕಿಂತ ಕಡಿಮೆಯೆಂದು ಲೆಕ್ಕ ಬರುತ್ತದೆ. ಕೂಲಿ ಗೊತ್ತುಮಾಡುವವರು ಅದನ್ನೇ ನಂಬಿದರೆ?

ವರ್ಗ ಮಾಡದೆ ಅಂತರಗಳನ್ನೇ ಕೂಡಿಸುವ ಕ್ರಮವನ್ನು ಬೊಸ್ಕೊವಿಚ್ 1757ರಲ್ಲೇ ಸೂಚಿಸಿದ್ದರು. ಅದರಲ್ಲಿ ಮದುವೆಮನೆಯ ಎಳೆತ ಅಷ್ಟಿಲ್ಲ.