5ಜಿ ಮೊಬೈಲು, ಗಡಿಯ ಟವರ್ ಮತ್ತು ಬೆಳೆಗಾರರ ಹಣ



ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳು ಕಬ್ಬು, ತಂಬಾಕಿನ ಸೀಮೆ. ಕಾಫಿ ಅಡಿಕೆಯವರಾದ ನಮಗೂ ಅವಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ನಮ್ಮ ಅಡಿಕೆ ಹೊತ್ತು ಉತ್ತರಕ್ಕೆ ಹೋಗುವ ಲಾರಿಯು 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಪ್ಪಾಣಿ ದಾಟಿ, ಕೊಗನೊಳಿಯ ಬಳಿ ನಮ್ಮ ರಾಜ್ಯವನ್ನು ಬಿಟ್ಟು ಕೊಲ್ಲಾಪುರದ ಕಡೆಗೆ ಸಾಗುತ್ತದೆ. ಅಲ್ಲಿ ಚಾಲಕನ ಮೊಬೈಲು ಯಾರನ್ನೂ ಕೇಳದೆ ಮಹಾರಾಷ್ಟ್ರದ ಟವರಿಗೆ ಅಂಟಿಕೊಳ್ಳುತ್ತದೆ. ಗಡಿಯಂಚಿನ ಹಳ್ಳಿಗಳಲ್ಲಿ ಮನೆಯೊಳಗೆ ಕುಳಿತವರಿಗೂ ಆಚೆಯ ಟವರ್ ಸಿಕ್ಕುವುದುಂಟು. ಮೊಬೈಲು ಊರನ್ನು ನೋಡುವುದಿಲ್ಲ, ಅಲೆ ಎಲ್ಲಿ ಬಲವಾಗಿದೆ ಎಂಬುದನ್ನು ನೋಡುತ್ತದೆ. ಅನುಕೂಲವೂ ಅಪಾಯವೂ ಈ ಸ್ವಭಾವದಲ್ಲಿಯೇ ಇವೆ.

ಹಳೆಯ 2ಜಿ ಪದ್ಧತಿಯಲ್ಲಿ ಟವರ್ ನಮ್ಮ ಸಿಮ್ಮನ್ನು ಪರೀಕ್ಷಿಸುತ್ತಿತ್ತು. ನಮ್ಮ ಮೊಬೈಲು ಟವರನ್ನು ಪರೀಕ್ಷಿಸುತ್ತಿರಲಿಲ್ಲ. ಖರೀದಿದಾರನು ನಮ್ಮ ಚೀಲ ಬಿಚ್ಚಿ ನೋಡುತ್ತಾನೆ, ಅವನ ಲೈಸೆನ್ಸನ್ನು ನಾವು ಕೇಳುವಂತಿಲ್ಲ ಎಂದರೆ ಹೇಗೋ ಹಾಗೆ. ಆದಕಾರಣ ಸುಳ್ಳು ಟವರನ್ನು ಗಾಡಿಯಲ್ಲಿಟ್ಟುಕೊಂಡು ಬಂದವನು, ಬಲವಾದ ಅಲೆ ಬಿಟ್ಟು, ಸುತ್ತಲಿನ ಮೊಬೈಲುಗಳನ್ನು ತನ್ನ ಕಡೆ ಸೆಳೆದು, ಬ್ಯಾಂಕಿನ ಹೆಸರಿನಲ್ಲಿ ಸಂದೇಶ ಕಳಿಸಬಹುದು. ಇದು ಬರಿಯ ಊಹೆಯಲ್ಲ; 2024ರಲ್ಲಿ ಬ್ಯಾಂಕಾಕ್ ನಗರದಲ್ಲಿ ಇಂಥ ಯಂತ್ರ ಹೊತ್ತ ವ್ಯಾನನ್ನು ಪೊಲೀಸರು ಹಿಡಿದರು.

3ಜಿ ಬಂದ ಮೇಲೆ ಪರೀಕ್ಷೆ ಎರಡೂ ಕಡೆಯಿಂದ ನಡೆಯತೊಡಗಿತು. ಆದರೂ ಒಂದು ಕಿಂಡಿ 4ಜಿಯವರೆಗೂ ಉಳಿಯಿತು. ಪ್ರತಿ ಸಿಮ್ಮಿಗೂ 15 ಅಂಕಿಗಳ ಒಂದು ಖಾಯಂ ಗುರುತು ಸಂಖ್ಯೆಯಿದೆ. ಮೊದಲ ಪರಿಚಯದ ಹೊತ್ತಿಗೆ ಅದು ಬಯಲಿನಲ್ಲಿಯೇ ಗಾಳಿಯಲ್ಲಿ ಹೋಗುತ್ತಿತ್ತು. ಕದ್ದು ಕೇಳುವವನಿಗೆ ಯಾರು ಎಲ್ಲಿದ್ದಾರೆಂದು ತಿಳಿಯುತ್ತಿತ್ತು. 5ಜಿ ಪದ್ಧತಿಯಲ್ಲಿ ಆ ಸಂಖ್ಯೆಯನ್ನು ಬೀಗ ಹಾಕಿದ ಲಕೋಟೆಯಲ್ಲಿಟ್ಟು ಕಳಿಸಲು ಏರ್ಪಾಟಿದೆ. ಲಕೋಟೆ ಬಿಚ್ಚುವ ಕೀಲಿಕೈ ನಮ್ಮ ಸ್ವಂತ ಕಂಪನಿಯ ಬಳಿ ಮಾತ್ರ ಇರುತ್ತದೆ. ನಡುವಿನ ಟವರಿಗೆ ಅದು ತೆರೆಯದು.

ಆದರೆ ಏರ್ಪಾಟಿದೆ ಎಂದ ಮಾತ್ರಕ್ಕೆ ಎಲ್ಲೆಡೆ ಜಾರಿಯಲ್ಲಿದೆ ಎಂದಲ್ಲ. ನಮ್ಮ ದೇಶದಲ್ಲಿ 5ಜಿ ಸೇವೆ 2022ರ ಅಕ್ಟೋಬರ್ 1ರಂದು ಆರಂಭವಾಯಿತು. ಜಿಯೋ ಕಂಪನಿ ಮೊದಲಿನಿಂದಲೇ ಪೂರ್ಣ 5ಜಿ ಜಾಲ ಕಟ್ಟಿತು; ಏರ್‌ಟೆಲ್ ಆರಂಭದಲ್ಲಿ 4ಜಿಯ ಕೇಂದ್ರ ವ್ಯವಸ್ಥೆಯ ಮೇಲೆಯೇ 5ಜಿ ಟವರ್ ಕೂಡಿಸಿತು. ಹೀಗೆ ಕೂಡಿಸಿದ ಕಡೆ ಲಕೋಟೆಯ ರಕ್ಷಣೆ ದೊರೆಯದು. ಹಳೆಯ 4ಜಿ ಸಿಮ್ಮಿನಲ್ಲಿ ಬೀಗ ಹಾಕುವ ಸಾಮಗ್ರಿಯೇ ಇಲ್ಲದಿರಬಹುದು. ಇನ್ನು ಮೋಸಗಾರನು 5ಜಿ ಅಲೆಯನ್ನು ಕೆಡಿಸಿ ಮೊಬೈಲನ್ನು 2ಜಿಗೆ ಇಳಿಸಿದರೆ ಮತ್ತೆ ಹಳೆಯ ಕಥೆ. ಈಚಿನ ಕೆಲವು ಆಂಡ್ರಾಯ್ಡ್ ಮೊಬೈಲುಗಳಲ್ಲಿ 2ಜಿಯನ್ನು ಮುಚ್ಚಿಡಬಹುದು. ಪಟ್ಟಣದಲ್ಲಿರುವವರು ಮುಚ್ಚಲಿ, ತೋಟದಲ್ಲಿ 2ಜಿ ಒಂದೇ ಸಿಕ್ಕುವವರು ಈ ಸಾಹಸಕ್ಕೆ ಹೋಗುವುದು ಬೇಡ, ಇದ್ದ ಕರೆಯೂ ನಿಂತೀತು.

5ಜಿಯ ಕೇಂದ್ರ ವ್ಯವಸ್ಥೆಯ ಬಹುಭಾಗ ಈಗ ಸಾಮಾನ್ಯ ಕಂಪ್ಯೂಟರುಗಳ ಮೇಲೆ ಓಡುವ ತಂತ್ರಾಂಶ. ಬಾಗಿಲು ಹೆಚ್ಚಿದಷ್ಟೂ ಕಾವಲು ಹೆಚ್ಚಬೇಕು. ಅದಕ್ಕಾಗಿಯೇ 2021ರ ಜೂನ್ 15ರಿಂದ, ವಿಶ್ವಾಸಾರ್ಹವೆಂದು ಸರಕಾರ ಒಪ್ಪಿದ ಮೂಲಗಳ ಉಪಕರಣಗಳನ್ನೇ ಹೊಸದಾಗಿ ಜಾಲಕ್ಕೆ ಜೋಡಿಸಬೇಕೆಂಬ ನಿಯಮ ಬಂದಿದೆ. ಉಪಕರಣಗಳ ಭದ್ರತಾ ಮಾನದಂಡ ಗೊತ್ತುಪಡಿಸುವ ರಾಷ್ಟ್ರೀಯ ಸಂವಹನ ಭದ್ರತಾ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೇ ಇದೆ.

ಇಷ್ಟೆಲ್ಲ ಹೇಳಿದರೂ ನಮ್ಮ ಅಭಿಪ್ರಾಯ ಬೇರೆ. ಬೆಳೆಗಾರರ ಹಣ ಹೋಗುವುದು ಸುಳ್ಳು ಟವರಿನಿಂದಲ್ಲ. ನಾವೇ ಬಾಯಿಬಿಟ್ಟು ಹೇಳುವ ಒ.ಟಿ.ಪಿ.ಯಿಂದ, ಕಿಸಾನ್ ಯೋಜನೆಯ ಹೆಸರಿನಲ್ಲಿ ವಾಟ್ಸಾಪಿಗೆ ಬರುವ ಎ.ಪಿ.ಕೆ. ಕಡತವನ್ನು ಒತ್ತುವುದರಿಂದ, ಮತ್ತು ನಮ್ಮ ನಂಬರಿಗೆ ಬೇರೆಯವರು ನಕಲಿ ಸಿಮ್ ಪಡೆಯುವುದರಿಂದ. ಈ ಕೊನೆಯದನ್ನು 5ಜಿ ತಡೆಯಲಾರದು. ಏಕೆಂದರೆ ಕಂಪನಿಯ ಕಣ್ಣಿಗೆ ಆ ಹೊಸ ಸಿಮ್ಮೇ ಅಸಲಿ.

ನಕಲಿ ಸಿಮ್ ಚಾಲೂ ಆದೊಡನೆ ನಮ್ಮ ಮೊಬೈಲಿನ ಸಿಗ್ನಲ್ ಸಾಯುತ್ತದೆ. ಪೇಟೆಯವನಿಗೆ ತಕ್ಷಣ ಅನುಮಾನ ಬರುತ್ತದೆ. ಅಥಣಿಯ ಗಡಿಹಳ್ಳಿಯವನಿಗೂ ಮಲೆನಾಡಿನ ನಮಗೂ ಸಿಗ್ನಲ್ ಹೋಗುವುದು ದಿನನಿತ್ಯದ ಮಾತು. ಗುಡ್ಡ ಹತ್ತಿ ಮಾತಾಡುವವರು ನಾವು. ಆದ್ದರಿಂದ ನಮಗೆ ತಿಳಿಯುವುದು ತಡ, ಅಷ್ಟರಲ್ಲಿ ಕೊಯ್ಲಿನ ಹಣ ಖಾಲಿ. ಪಕ್ಕದವರ ಅದೇ ಕಂಪನಿಯ ಮೊಬೈಲು ನಡೆಯುತ್ತಿದ್ದು ನಮ್ಮದು ಮಾತ್ರ ಸತ್ತಿದ್ದರೆ, ಅವರ ಮೊಬೈಲಿನಿಂದಲೇ ಕಂಪನಿಗೂ ಬ್ಯಾಂಕಿಗೂ ಫೋನು ಮಾಡತಕ್ಕದ್ದು. ಹೊಸ ಸಿಮ್ ಪಡೆದ 7 ದಿನಗಳೊಳಗೆ ನಂಬರನ್ನು ಬೇರೆ ಕಂಪನಿಗೆ ವರ್ಗಾಯಿಸದಂತೆ 2024ರ ಜುಲೈ 1ರಿಂದ ತಡೆಯಿದೆ. ಹಣ ಹೋದರೆ 1930ಕ್ಕೆ ಕೂಡಲೇ ಕರೆ ಮಾಡಿ, ನಾಳೆಗೆ ಇಡಬೇಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆಯೆಂಬುದನ್ನು ಕೇಂದ್ರ ಸರಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ಬಾರದವರು ಮಕ್ಕಳಿಂದ ನೋಡಿಸಲಿ, ಇಲ್ಲವೆ ನಮ್ಮ ಕಚೇರಿಗೆ ಬರಲಿ.

ಸಂಘದ ಮಟ್ಟಿಗೆ ಹೇಳುವುದಾದರೆ, ಮಾಲಿನ ಹಣ ಜಮಾ ಆಗುವ ಖಾತೆಯನ್ನು ಬದಲಿಸಲು ಫೋನು ಅಥವಾ ಸಂದೇಶವನ್ನು ನಾವು ಒಪ್ಪುವುದಿಲ್ಲ. ಸದಸ್ಯರು ಪಾಸ್‌ಬುಕ್ ಸಹಿತ ಖುದ್ದು ಬಂದು ರುಜು ಹಾಕಬೇಕು. ಲಾರಿ ನಿಪ್ಪಾಣಿಯಲ್ಲಿರುವಾಗ "ಖರೀದಿದಾರರು ಬದಲಾಗಿದ್ದಾರೆ, ಮಾಲು ಬೇರೆ ಕಡೆ ಇಳಿಸಿ" ಎಂದು ಯಾರ ದನಿಯಲ್ಲಿ ಕರೆ ಬಂದರೂ, ಚಾಲಕರು ಕಚೇರಿಯ ಸ್ಥಿರ ದೂರವಾಣಿಗೆ ತಿರುಗಿ ಫೋನು ಮಾಡಿ ವಿಚಾರಿಸಿದ ನಂತರವೇ ಮಾಲು ಇಳಿಸಬೇಕೆಂದು ತಿಳಿಸಲಾಗಿದೆ.